ರಾಯಲ್ ಚಾಲೆಂಜರ್ಸ್ ಬೆಂಗಳೂರು: ತಂಡದ ಗಣ್ಯ ಆಟಗಾರರು

ರಾಯಲ್ ಚಾಲೆಂಜರ್ಸ್ ಬೆಂಗಳೂರು, ಜನರ ಬಾಯಲ್ಲಿ ಆರ್‌ಸಿಬಿ, 2008ರಲ್ಲಿ ಇಂಡಿಯನ್ ಪ್ರೀಮಿಯರ್ ಲೀಗ್ (ಐಪಿಎಲ್) ಹುಟ್ಟಿದ ದಿನದಿಂದಲೂ ಆಡುತ್ತಿರುವ ವೃತ್ತಿಪರ ಕ್ರಿಕೆಟ್ ತಂಡ. ತವರು ಮೈದಾನ ಎಂ. ಚಿನ್ನಸ್ವಾಮಿ ಕ್ರೀಡಾಂಗಣ. ಉದ್ಯಮಿ ವಿಜಯ್ ಮಲ್ಯ 11.16 ಕೋಟಿ ಡಾಲರ್ ಕೊಟ್ಟು ಕೊಂಡ ಈ ತಂಡಕ್ಕೆ ಅವರದೇ ಕಂಪನಿಯ ವಿಸ್ಕಿಯ ಹೆಸರು ಅಂಟಿಕೊಂಡಿತು. ಮುಂದೆ ಒಡೆತನ ಯುನೈಟೆಡ್ ಸ್ಪಿರಿಟ್ಸ್ ಸಂಸ್ಥೆಯ ಹಿಡಿತಕ್ಕೆ ಹೋಯಿತು. ‘ಬ್ಯಾಂಗಲೋರ್’ ಎಂದಿದ್ದ ಹೆಸರು ‘ಬೆಂಗಳೂರು’ ಆದದ್ದು 2024ರ ಮಾರ್ಚ್‌ನಲ್ಲಿ. ಪುರುಷರ ತಂಡ 2009, 2011 ಮತ್ತು 2016ರ ಫೈನಲ್‌ಗಳಲ್ಲಿ ಸೋತು 2025ರಲ್ಲಿ ಗೆದ್ದಿತು. ಮಹಿಳೆಯರ ತಂಡ 2024ರಲ್ಲೇ ಕಪ್ ತಂದಿತ್ತು.

2008ರಿಂದ 2025ರ ಋತುವಿನವರೆಗೆ ತಂಡದಲ್ಲಿ ಆಡಿ ಗುರುತು ಬಿಟ್ಟುಹೋದವರ ಸಮೀಕ್ಷೆ ಇದು. ಆರ್‌ಸಿಬಿ ಎಂದೊಡನೆ ಎಲ್ಲರಿಗೂ ಹೊಳೆಯುವುದು ಕೊಹ್ಲಿ, ಗೇಲ್, ಡಿವಿಲಿಯರ್ಸ್ ಎಂಬ ಮೂರು ಹೆಸರು. ತಂಡದ ಕೀರ್ತಿ ಬ್ಯಾಟಿನಿಂದ ಬಂದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಪ್ಪಿನ ಹತ್ತಿರ ಹೋದ ಋತುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಲೆಕ್ಕ ಬೇರೆಯೇ ಸಿಗುತ್ತದೆ. ಚೆಂಡು ಹಿಡಿದವರು ಕೈಹಿಡಿದಾಗ ತಂಡ ಗೆದ್ದಿದೆ, ಅವರು ಕೈಬಿಟ್ಟಾಗ ಎಂಥ ಬ್ಯಾಟಿಂಗ್ ಇದ್ದರೂ ಮುಗ್ಗರಿಸಿದೆ. ಗಣ್ಯರ ಪಟ್ಟಿ ಮಾಡುವಾಗ ಬೌಲರುಗಳನ್ನು ಹಿಂದಿನ ಸಾಲಿನಲ್ಲಿ ಕೂರಿಸುವ ರೂಢಿಯನ್ನು ಈ ಲೇಖನ ಒಪ್ಪುವುದಿಲ್ಲ.

ಮೊದಲ ವರ್ಷ

2008ರ ಏಪ್ರಿಲ್ 18ರ ರಾತ್ರಿ ಐಪಿಎಲ್‌ನ ಮೊಟ್ಟಮೊದಲ ಪಂದ್ಯ ಚಿನ್ನಸ್ವಾಮಿ ಅಂಗಳದಲ್ಲೇ ನಡೆಯಿತು. ಮೊದಲ ಎಸೆತ ಹಾಕಿದವರು ಬೆಂಗಳೂರಿನ ಪ್ರವೀಣ್ ಕುಮಾರ್, ಎದುರಿಸಿದವರು ಕೋಲ್ಕತ್ತಾದ ಸೌರವ್ ಗಂಗೂಲಿ. ಅದಾದ ಮೇಲಿನದನ್ನು ಬೆಂಗಳೂರಿನವರು ನೆನೆಯಲು ಇಷ್ಟಪಡುವುದಿಲ್ಲ. ಬ್ರೆಂಡನ್ ಮೆಕಲಂ 73 ಎಸೆತಗಳಲ್ಲಿ ಔಟಾಗದೆ 158 ರನ್ ಬಾರಿಸಿದರು. ಕೋಲ್ಕತ್ತಾ 222 ಗಳಿಸಿತು, ಬೆಂಗಳೂರು 82ಕ್ಕೆ ಉದುರಿತು. ಎರಡಂಕಿ ಮುಟ್ಟಿದ ಏಕೈಕ ಆಟಗಾರ ಮತ್ತದೇ ಪ್ರವೀಣ್ ಕುಮಾರ್, 18 ರನ್. ಎರಡು ವರ್ಷದ ನಂತರ, 2010ರಲ್ಲಿ, ಇದೇ ಅಂಗಳದಲ್ಲಿ ರಾಜಸ್ಥಾನದ ವಿರುದ್ಧ ಹ್ಯಾಟ್ರಿಕ್ ಪಡೆದು ಅವರು ಒಂದಿಷ್ಟು ಬಾಕಿ ತೀರಿಸಿದರು.

ಮೊದಲ ನಾಯಕ ರಾಹುಲ್ ದ್ರಾವಿಡ್. ಪ್ರತಿ ನಗರಕ್ಕೊಬ್ಬ ‘ಐಕಾನ್’ ಆಟಗಾರ ಎಂಬ ನಿಯಮದಂತೆ ಅವರು ಹರಾಜಿಗೆ ಹೋಗದೆಯೇ ತಂಡಕ್ಕೆ ಬಂದರು. ದ್ರಾವಿಡ್, ಜಾಕ್ ಕಾಲಿಸ್, ಅನಿಲ್ ಕುಂಬ್ಳೆ, ಸುನಿಲ್ ಜೋಶಿ ಇದ್ದ ತಂಡವನ್ನು ಕಂಡು ಇದು ಟೆಸ್ಟ್ ತಂಡ ಎಂದು ಜನ ನಕ್ಕರು. ಎಂಟು ತಂಡಗಳ ಪೈಕಿ ಏಳನೆಯ ಸ್ಥಾನ ಬಂದಾಗ ನಗುವವರಿಗೆ ಮತ್ತಷ್ಟು ಪುಷ್ಟಿ ಸಿಕ್ಕಿತು. ಆದರೂ ಆ ಋತುವಿನಲ್ಲಿ ಬೆಂಗಳೂರಿನ ಪರ ಅತಿ ಹೆಚ್ಚು ರನ್ ಗಳಿಸಿದವರು ದ್ರಾವಿಡ್ ಅವರೇ, 371. ಟಿ20 ಅವರಿಗೆ ಒಗ್ಗದ ಆಟ ಎಂಬ ಮಾತಿಗೆ ಅವರು ಬಾಯಿಂದ ಉತ್ತರ ಕೊಟ್ಟವರಲ್ಲ.

ಆ ವರ್ಷ ಕೊಂಡ ಆಟಗಾರರಲ್ಲಿ ಬಹಳ ಅಗ್ಗವಾಗಿ ಸಿಕ್ಕು ಎಲ್ಲರಿಗಿಂತ ದೀರ್ಘಕಾಲ ಉಳಿದವರು ವಿರಾಟ್ ಕೊಹ್ಲಿ. 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ನಾಯಕನನ್ನು ಸ್ವಂತ ಊರಿನ ದೆಹಲಿ ತಂಡ ಬಿಟ್ಟು, ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿಕೊಂಡಿತು. ಬೆಂಗಳೂರು 30,000 ಡಾಲರಿಗೆ ಕೊಹ್ಲಿಯನ್ನು ಪಡೆಯಿತು. ಐಪಿಎಲ್ ಇತಿಹಾಸದಲ್ಲಿ ಇದಕ್ಕಿಂತ ಲಾಭದ ವ್ಯಾಪಾರ ಇನ್ನೊಂದಿಲ್ಲ.

ಕುಂಬ್ಳೆ ಕಟ್ಟಿದ ತಂಡ

ಅನಿಲ್ ಕುಂಬ್ಳೆ ಈ ತಂಡದ ಪರ ಆಡಿದ್ದು ಮೂರೇ ಋತು, 42 ಪಂದ್ಯ, 45 ವಿಕೆಟ್. ಅಂಕಿಯಲ್ಲಿ ನೋಡಿದರೆ ಸಣ್ಣದು. ಆದರೂ ತಂಡಕ್ಕೆ ಬೆನ್ನೆಲುಬು ಕೊಟ್ಟವರು ಯಾರು ಎಂದು ಕೇಳಿದರೆ ಮೊದಲು ಹೇಳಬೇಕಾದ ಹೆಸರು ಅವರದೇ. ಮನೆತನದ ಹೆಸರು ಕಾಸರಗೋಡಿನ ಕುಂಬಳೆ ಊರಿನದು. ಓದು, ಆಟ ಎಲ್ಲ ಬೆಂಗಳೂರಿನದು: ಬಸವನಗುಡಿಯ ನ್ಯಾಷನಲ್ ಹೈಸ್ಕೂಲ್, ಆಮೇಲೆ ಆರ್.ವಿ. ಎಂಜಿನಿಯರಿಂಗ್ ಕಾಲೇಜು. ಬಸವನಗುಡಿ, ಜಯನಗರ, ಸಾರಕ್ಕಿ ಕಡೆಯ ಹಳಬರು ಅವರನ್ನು ಇಂದಿಗೂ ‘ನಮ್ಮ ಕಡೆಯವರು’ ಎಂದೇ ಹೇಳಿಕೊಳ್ಳುತ್ತಾರೆ.

ಚುನಾವಣೆಯ ಕಾರಣ 2009ರ ಐಪಿಎಲ್ ದಕ್ಷಿಣ ಆಫ್ರಿಕಕ್ಕೆ ಸ್ಥಳಾಂತರವಾಯಿತು. ಟೆಸ್ಟ್ ಕ್ರಿಕೆಟ್ಟಿಗೆ ಆಗಲೇ ವಿದಾಯ ಹೇಳಿದ್ದ 38ರ ಕುಂಬ್ಳೆ ಕೇಪ್‌ಟೌನ್‌ನ ಮೊದಲ ಪಂದ್ಯದಲ್ಲೇ ಹಾಲಿ ಚಾಂಪಿಯನ್ ರಾಜಸ್ಥಾನದ ಐದು ವಿಕೆಟ್ ಕಿತ್ತರು, ಕೊಟ್ಟದ್ದು ಐದೇ ರನ್. ರಾಜಸ್ಥಾನ 58ಕ್ಕೆ ಮುಗಿಯಿತು. ಇದೇ ಪಂದ್ಯದಲ್ಲಿ ದ್ರಾವಿಡ್ 66 ಹೊಡೆದಿದ್ದರು, ಅಂದರೆ ‘ಟೆಸ್ಟ್ ತಂಡ’ದ ಇಬ್ಬರೇ ಟಿ20 ಪಂದ್ಯವೊಂದನ್ನು ಗೆದ್ದುಕೊಟ್ಟಿದ್ದರು. ಆ ವರ್ಷದ ನಾಯಕ ಕೆವಿನ್ ಪೀಟರ್ಸನ್, ಬೆಲೆ 15.5 ಲಕ್ಷ ಡಾಲರ್. ಇಂಗ್ಲೆಂಡ್ ತಂಡದ ಕರೆ ಬಂದು ಅವರು ನಡುವೆಯೇ ಹೊರಟಾಗ ಪಟ್ಟ ಕುಂಬ್ಳೆಗೆ ಬಂತು. ಅಲ್ಲಿಂದ ತಂಡದ ದೆಸೆ ತಿರುಗಿತು.

ಮೇ 24ರಂದು ಜೊಹಾನೆಸ್‌ಬರ್ಗ್‌ನ ಫೈನಲ್. ಹೊಸ ಚೆಂಡನ್ನು ನಾಯಕ ತಾನೇ ಕೈಗೆತ್ತಿಕೊಂಡು ಮೊದಲ ಓವರಿನಲ್ಲೇ ಆಡಂ ಗಿಲ್‌ಕ್ರಿಸ್ಟ್ ಅವರನ್ನು ಸೊನ್ನೆಗೆ ಬೌಲ್ಡ್ ಮಾಡಿದರು. ಲೆಗ್‌ಸ್ಪಿನ್ನರ್ ಒಬ್ಬ ಫೈನಲ್‌ನಲ್ಲಿ ಬೌಲಿಂಗ್ ಆರಂಭಿಸುವುದು ಆಗಿನ ಕಾಲಕ್ಕೆ ಹುಚ್ಚು ಧೈರ್ಯವೇ. ನಾಲ್ಕು ಓವರ್, 16 ರನ್, ನಾಲ್ಕು ವಿಕೆಟ್. ಡೆಕ್ಕನ್ ಚಾರ್ಜರ್ಸ್ 143ಕ್ಕೆ ನಿಂತಿತು. ಬೆಂಗಳೂರಿನ ಬ್ಯಾಟುಗಾರರಿಗೆ ಅಷ್ಟನ್ನೂ ಹೊಡೆಯಲಾಗಲಿಲ್ಲ, ಆರು ರನ್ ಕೊರತೆಯಾಯಿತು. ಪಂದ್ಯಶ್ರೇಷ್ಠ ಪ್ರಶಸ್ತಿ ಸೋತ ತಂಡದ ನಾಯಕನಿಗೇ ಸಂದಿತು. ಮುಂದಿನ 16 ವರ್ಷ ಈ ತಂಡದ ಬೌಲರುಗಳಿಗೂ ಬ್ಯಾಟುಗಾರರಿಗೂ ನಡುವೆ ಉಳಿದ ತಗಾದೆಯೆಲ್ಲ ಆ ಒಂದು ಸಂಜೆಯಲ್ಲೇ ಇದೆ.

2009ರಲ್ಲಿ ಕುಂಬ್ಳೆ ಪಡೆದ ವಿಕೆಟ್ 21. ಇನ್ನೊಂದು ಸಾಧನೆ ಮನೀಶ್ ಪಾಂಡೆಯದು. ನೈನಿತಾಲ್‌ನಲ್ಲಿ ಹುಟ್ಟಿ ಕರ್ನಾಟಕದ ಆಟಗಾರನಾಗಿ ಬೆಳೆದ ಪಾಂಡೆ ಸೆಂಚೂರಿಯನ್‌ನಲ್ಲಿ ಡೆಕ್ಕನ್ ವಿರುದ್ಧ 73 ಎಸೆತಗಳಲ್ಲಿ ಔಟಾಗದೆ 114 ಹೊಡೆದರು. ಐಪಿಎಲ್‌ನಲ್ಲಿ ಶತಕ ಬಾರಿಸಿದ ಮೊದಲ ಭಾರತೀಯ ಅವರು, ಆಗ ವಯಸ್ಸು 19. ಮುಂದಿನ ವರ್ಷ ಕಾಲಿಸ್ 572 ರನ್ ಸೇರಿಸಿದರು. ಜಹೀರ್ ಖಾನ್ ಅವರನ್ನು ಮುಂಬೈಗೆ ಕೊಟ್ಟು ಪಡೆದ ಕೊಡಗಿನ ರಾಬಿನ್ ಉತ್ತಪ್ಪ ಕೊನೆಯ ಓವರುಗಳಲ್ಲಿ ಸಿಡಿದರು. ಡೇಲ್ ಸ್ಟೇಯ್ನ್ ವೇಗಕ್ಕೆ ಧಾರೆ ಕೊಟ್ಟರು. 2010ರಲ್ಲಿ ತಂಡ ಸೆಮಿಫೈನಲ್ ಸೋತು ಮೂರನೆಯ ಸ್ಥಾನ ಪಡೆಯಿತು. 2011ರ ದೊಡ್ಡ ಹರಾಜಿಗೆ ಮುನ್ನ ತಂಡ ಉಳಿಸಿಕೊಂಡದ್ದು ಕೊಹ್ಲಿ ಒಬ್ಬರನ್ನೇ. ಕುಂಬ್ಳೆ ಆಟ ನಿಲ್ಲಿಸಿ ಮಾರ್ಗದರ್ಶಕರಾದರು. ದ್ರಾವಿಡ್ ರಾಜಸ್ಥಾನಕ್ಕೆ ಹೋದರು.

ಗೇಲ್ ಮತ್ತು ಡಿವಿಲಿಯರ್ಸ್

ಕ್ರಿಸ್ ಗೇಲ್ ಅವರನ್ನು 2011ರ ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ. ಡರ್ಕ್ ನ್ಯಾನಸ್ ಎಂಬ ವೇಗಿ ಗಾಯಗೊಂಡು ಹಿಂದಿರುಗಿದಾಗ ಆ ಖಾಲಿ ಜಾಗಕ್ಕೆ ಬಂದವರು ಅವರು. ಬಂದ ಮೊದಲ ಪಂದ್ಯ, ತಮ್ಮನ್ನು ಕೈಬಿಟ್ಟಿದ್ದ ಕೋಲ್ಕತ್ತಾ ವಿರುದ್ಧ, ಅದೂ ಈಡನ್ ಗಾರ್ಡನ್ಸ್‌ನಲ್ಲಿ: 55 ಎಸೆತಗಳಲ್ಲಿ ಔಟಾಗದೆ 102. ತಡವಾಗಿ ಬಂದರೂ 12 ಪಂದ್ಯಗಳಲ್ಲಿ 608 ರನ್ ಗಳಿಸಿ, ಋತುವಿನಲ್ಲಿ ಅತಿ ಹೆಚ್ಚು ರನ್ ಗಳಿಸಿದವರಿಗೆ ಸಿಗುವ ಆರೆಂಜ್ ಕ್ಯಾಪ್ ತೊಟ್ಟರು. ಕೊಚ್ಚಿಯ ಪ್ರಶಾಂತ್ ಪರಮೇಶ್ವರನ್ ಅವರ ಒಂದೇ ಓವರಿನಲ್ಲಿ 37 ರನ್ ಬಂದದ್ದು ಆ ವರ್ಷವೇ. ಮರುವರ್ಷ 733 ರನ್, 59 ಸಿಕ್ಸರ್. ಅದರ ಮರುವರ್ಷ 708.

2013ರ ಏಪ್ರಿಲ್ 23ರಂದು ಪುಣೆ ವಾರಿಯರ್ಸ್ ವಿರುದ್ಧ ಚಿನ್ನಸ್ವಾಮಿಯಲ್ಲಿ ಆಡಿದ ಇನಿಂಗ್ಸ್‌ಗೆ ಟಿ20 ಇತಿಹಾಸದಲ್ಲೇ ಜೋಡಿಯಿಲ್ಲ. 30 ಎಸೆತಗಳಲ್ಲಿ ಶತಕ, ಕೊನೆಗೆ 66 ಎಸೆತಗಳಲ್ಲಿ ಔಟಾಗದೆ 175, ಅದರಲ್ಲಿ 13 ಬೌಂಡರಿ, 17 ಸಿಕ್ಸರ್. ಮಧ್ಯೆ ಮಳೆ ಬಂದು ಆಟ ನಿಂತರೂ ಲಯ ತಪ್ಪಲಿಲ್ಲ. ಸಾಲದ್ದಕ್ಕೆ ಪುಣೆಯ ಸರದಿಯಲ್ಲಿ ಒಂದು ಓವರ್ ಹಾಕಿ ಎರಡು ವಿಕೆಟನ್ನೂ ಪಡೆದರು! ಗೇಲ್ ಆಡುತ್ತಿದ್ದ ರೀತಿಯಲ್ಲಿ ಒಂದು ಗುಟ್ಟಿತ್ತು, ನೋಡಿದವರು ಗಮನಿಸಿರುತ್ತಾರೆ. ಮೊದಲ ಒಂದೆರಡು ಓವರ್ ಅವರು ಸುಮ್ಮನೆ ತಡೆದು ಆಡುತ್ತಿದ್ದರು. ಒಂಟಿ ರನ್ನಿಗೆ ಓಡುವ ಆಸೆಯೂ ಇರುತ್ತಿರಲಿಲ್ಲ. ಪಿಚ್‌ನ ಅಳತೆ ಸಿಕ್ಕಮೇಲೆ ಮಾತ್ರ ಕೈ ಬಿಚ್ಚುತ್ತಿದ್ದರು.

ಎ.ಬಿ. ಡಿವಿಲಿಯರ್ಸ್ ಆಟ ಇದಕ್ಕೆ ಪೂರ್ತಿ ಬೇರೆ ಜಾತಿಯದು. ಗೇಲ್ ನಿಂತಲ್ಲೇ ನಿಂತು ಹೊಡೆದರೆ ಇವರು ಎಸೆತ ಬರುವ ಮೊದಲೇ ಜಾಗ ಬದಲಿಸಿ ಮೈದಾನದ ಯಾವ ಮೂಲೆಗಾದರೂ ಅಟ್ಟುತ್ತಿದ್ದರು. 2011ರಿಂದ 2021ರವರೆಗೆ ಆಡಿ ಈ ತಂಡದ ಪರ ಐಪಿಎಲ್‌ನಲ್ಲಿ 4,000ಕ್ಕೂ ಹೆಚ್ಚು ರನ್ ಗಳಿಸಿದರು. ಬೆಂಗಳೂರಿಗರು ‘ಎಬಿಡಿ, ಎಬಿಡಿ’ ಎಂದು ಕೂಗುವ ಸದ್ದು ಎದುರಾಳಿ ನಾಯಕರಿಗೆ ಒಂದು ಸಮಸ್ಯೆಯೇ ಆಗಿತ್ತು. 2012ರಲ್ಲಿ ಡೆಕ್ಕನ್ ವಿರುದ್ಧ, ಆಗ ಜಗತ್ತಿನ ಅತ್ಯುತ್ತಮ ವೇಗಿಯಾಗಿದ್ದ ತಮ್ಮದೇ ದೇಶದ ಸ್ಟೇಯ್ನ್ ಅವರ ಒಂದು ಓವರಿನಲ್ಲಿ 23 ರನ್ ತೆಗೆದು ಕೈಜಾರಿದ್ದ ಪಂದ್ಯ ಗೆದ್ದರು. 2016ರ ಮೊದಲ ಕ್ವಾಲಿಫೈಯರ್‌ನಲ್ಲಿ 29 ರನ್ನಿಗೆ ಐದು ವಿಕೆಟ್ ಬಿದ್ದಿದ್ದವು. ಡಿವಿಲಿಯರ್ಸ್ ಔಟಾಗದೆ 79 ಗಳಿಸಿ, ಸ್ಪಿನ್ನರ್ ಇಕ್ಬಾಲ್ ಅಬ್ದುಲ್ಲಾ ಅವರನ್ನು ಜೊತೆಗಿಟ್ಟುಕೊಂಡು ತಂಡವನ್ನು ಫೈನಲ್‌ಗೆ ಒಯ್ದರು. ಅವರ ನೂರುಗಳಿಗಿಂತ ಈ 79 ದೊಡ್ಡದು ಎಂಬುದು ಈ ಲೇಖಕನ ಅಭಿಪ್ರಾಯ. 2018ರಲ್ಲಿ ಹೈದರಾಬಾದಿನ ಅಲೆಕ್ಸ್ ಹೇಲ್ಸ್ ಹೊಡೆದ ಚೆಂಡನ್ನು ಬೌಂಡರಿ ಅಂಚಿನಲ್ಲಿ ನೆಗೆದು ಒಂದೇ ಕೈಯಲ್ಲಿ ಹಿಡಿದದ್ದು ಕ್ಷೇತ್ರರಕ್ಷಣೆಯ ಪಾಠಗಳಲ್ಲಿ ತೋರಿಸುವಂಥದ್ದು.

2023ರಲ್ಲಿ ತಂಡ ಡಿವಿಲಿಯರ್ಸ್ ತೊಡುತ್ತಿದ್ದ 17 ಮತ್ತು ಗೇಲ್ ತೊಡುತ್ತಿದ್ದ 333 ಸಂಖ್ಯೆಯ ಅಂಗಿಗಳನ್ನು ಇನ್ನು ಯಾರಿಗೂ ಕೊಡುವುದಿಲ್ಲವೆಂದು ಘೋಷಿಸಿತು. ಈ ಪದ್ಧತಿ ನಮಗೆ ಹೊಸದು, ಅಮೆರಿಕದ ಬೇಸ್‌ಬಾಲ್‌ನಲ್ಲಿ ಹಳೆಯದು. ನ್ಯೂಯಾರ್ಕ್ ಯಾಂಕೀಸ್ ತಂಡ 1939ರಲ್ಲಿ ಲೂ ಗೆರಿಗ್ ಅವರ 4ನೇ ಸಂಖ್ಯೆಯನ್ನು ಹೀಗೆ ಎತ್ತಿಟ್ಟಿತು.  ಬೆಂಗಳೂರು ಎತ್ತಿಟ್ಟ ಎರಡೂ ಅಂಗಿ ಬ್ಯಾಟುಗಾರರವು, ಇಬ್ಬರೂ ಕಪ್ ಗೆಲ್ಲದೆ ಹೋದವರು.

ಕೊಹ್ಲಿ, ಮತ್ತು 2016

ವಿರಾಟ್ ಕೊಹ್ಲಿಯ ಬಗ್ಗೆ ಬರೆಯುವುದು ಕಷ್ಟ, ಏಕೆಂದರೆ ಎಲ್ಲವೂ ಓದುಗರಿಗೆ ಗೊತ್ತು. 2025ರವರೆಗಿನ 18 ಋತುಗಳನ್ನೂ ಒಂದೇ ತಂಡದ ಪರ ಆಡಿದ ಐಪಿಎಲ್‌ನ ಏಕೈಕ ಆಟಗಾರ, 8,000 ರನ್ ದಾಟಿದ ಮೊದಲಿಗ, ಎಂಟು ಶತಕ. 2013ರಿಂದ 2021ರವರೆಗೆ ಪೂರ್ಣಾವಧಿ ನಾಯಕ. ದೆಹಲಿಯ ಹುಡುಗನೊಬ್ಬ ಹೀಗೆ ಬೆಂಗಳೂರಿನ ಮಗನಾದ. ಭಾಷೆ ಕಲಿಯದೆಯೇ ಊರಿನವರಾದವರ ಪಟ್ಟಿ ಈ ನಗರದಲ್ಲಿ ಉದ್ದವಿದೆ, ಮೇಲಿನ ಹೆಸರು ಅವರದು.

2016ರಲ್ಲಿ ಅವರು ಗಳಿಸಿದ 973 ರನ್ ಒಂದೇ ಋತುವಿನ ದಾಖಲೆಯಾಗಿಯೇ ಉಳಿದಿದೆ. ನಾಲ್ಕು ಶತಕಗಳಲ್ಲಿ ಒಂದನ್ನು, ಪಂಜಾಬ್ ವಿರುದ್ಧದ 113ನ್ನು, ಕೈಗೆ ಹೊಲಿಗೆ ಹಾಕಿಸಿಕೊಂಡು ಹೊಡೆದರು. ಗುಜರಾತ್ ಲಯನ್ಸ್ ಎದುರು ಕೊಹ್ಲಿ 109, ಡಿವಿಲಿಯರ್ಸ್ ಔಟಾಗದೆ 129, ಇಬ್ಬರ ಜೊತೆಯಾಟ 229. ಮಂಗಳೂರಿನ ಕೆ.ಎಲ್. ರಾಹುಲ್ 397 ರನ್ ಕೂಡಿಸಿದರು. ಇಷ್ಟೆಲ್ಲ ಇದ್ದ ತಂಡ ಮೇ 29ರಂದು ತವರಿನಲ್ಲೇ ನಡೆದ ಫೈನಲ್‌ನಲ್ಲಿ ಸನ್‌ರೈಸರ್ಸ್ ಹೈದರಾಬಾದ್‌ಗೆ 208 ರನ್ ಬಿಟ್ಟುಕೊಟ್ಟಿತು. ಆ ಋತುವಿನಲ್ಲಿ 20 ವಿಕೆಟ್ ಪಡೆದಿದ್ದ ಶೇನ್ ವಾಟ್ಸನ್ ಅವರ ನಾಲ್ಕು ಓವರುಗಳಲ್ಲೇ 61 ರನ್ ಹೋದವು. ಗೇಲ್ 38 ಎಸೆತಗಳಲ್ಲಿ 76 ಹೊಡೆದು ಮೊದಲ ವಿಕೆಟ್ಟಿಗೆ 114 ಬಂದರೂ ಎಂಟು ರನ್ ಕಡಿಮೆಬಿತ್ತು. ಈ ಪಂದ್ಯವನ್ನು ಸೋತದ್ದು ಬ್ಯಾಟಿಂಗ್ ಕುಸಿತದಿಂದ ಎಂದು ಹಲವರು ಹೇಳುತ್ತಾರೆ. 208 ಬಿಟ್ಟುಕೊಟ್ಟ ಮೇಲೆ ಬ್ಯಾಟುಗಾರರನ್ನು ದೂರುವುದು ನ್ಯಾಯವಲ್ಲ.

ಚೆಂಡು ಹಿಡಿದವರ ಕಷ್ಟ

ಬೆಂಗಳೂರಿನಲ್ಲಿ ಬೌಲರ್ ಆಗುವುದು ಶಿಕ್ಷೆ ಎಂಬ ಮಾತಿದೆ. ನಗರ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ತೆಳು ಗಾಳಿಯಲ್ಲಿ ಚೆಂಡು ದೂರ ಹಾರುತ್ತದೆ. ಮೈದಾನದ ಅಂಚುಗಳು ಹತ್ತಿರ. ಪಿಚ್ ಬ್ಯಾಟಿಗೆ ಒಲಿದದ್ದು. 2024ರ ಏಪ್ರಿಲ್ 15ರಂದು ಹೈದರಾಬಾದ್ ಇಲ್ಲಿ 287 ಹೊಡೆಯಿತು, ದಿನೇಶ್ ಕಾರ್ತಿಕ್ 35 ಎಸೆತಗಳಲ್ಲಿ 83 ಗಳಿಸಿ ಬೆಂಗಳೂರು 262 ಮುಟ್ಟಿಯೂ ಸೋತಿತು. ಒಂದೇ ರಾತ್ರಿ 549 ರನ್. ಇಂಥ ಕಡೆ ಓವರಿಗೆ ಎಂಟು ರನ್ ಕೊಟ್ಟವನು ಮಿತವ್ಯಯಿ. ಬೇರೆ ಮೈದಾನಗಳ ಅಳತೆಗೋಲಿನಿಂದ ಈ ತಂಡದ ಬೌಲರುಗಳನ್ನು ಅಳೆಯಬಾರದು.

ಮೊದಲ ವರ್ಷಗಳಲ್ಲಿ ಈ ಭಾರ ಹೊತ್ತವರಲ್ಲಿ ಕನ್ನಡಿಗ ವೇಗಿಗಳು ಹಲವರು. ‘ದಾವಣಗೆರೆ ಎಕ್ಸ್‌ಪ್ರೆಸ್’ ಆರ್. ವಿನಯ್ ಕುಮಾರ್ ಅವರ ವೇಗ ಹೆಸರಿಗೆ ತಕ್ಕಷ್ಟೇನೂ ಇರಲಿಲ್ಲ. ನಿಧಾನದ ಎಸೆತ, ಬದಲಾಗುವ ಉದ್ದ, ಕೊನೆಯ ಓವರುಗಳಲ್ಲಿ ಹೆದರದ ಸ್ವಭಾವ, ಇವು ಅವರ ಬಂಡವಾಳ. 2008ರಿಂದ 2010ರವರೆಗೆ, ಮತ್ತೆ 2012 ಮತ್ತು 2013ರಲ್ಲಿ ಆಡಿದರು. 2013ರಲ್ಲಿ 23 ವಿಕೆಟ್. ಅದೇ ಹೊತ್ತಿಗೆ ಅವರ ನಾಯಕತ್ವದಲ್ಲಿ ಕರ್ನಾಟಕ 2013-14 ಮತ್ತು 2014-15ರಲ್ಲಿ ಸತತ ಎರಡು ರಣಜಿ ಟ್ರೋಫಿ ಗೆದ್ದಿತು. ಆರ್‌ಸಿಬಿ 2024ರಲ್ಲಿ ಅವರನ್ನು ತನ್ನ ಗೌರವ ಪಟ್ಟಿಗೆ ಸೇರಿಸಿತು, ತಡವಾದರೂ ಸರಿಯಾದ ನಿರ್ಧಾರ. ಎಡಗೈ ವೇಗಿ ಎಸ್. ಅರವಿಂದ್ 2011ರಲ್ಲಿ, ತಮ್ಮ ಮೊದಲ ಐಪಿಎಲ್ ಋತುವಿನಲ್ಲೇ, 21 ವಿಕೆಟ್ ಪಡೆದರು. ಗೇಲ್ ಬಿರುಗಾಳಿಯ ವರ್ಷ ಎಂದು ನೆನೆಯುವ ಆ ಋತುವಿನಲ್ಲಿ, ಡೇನಿಯಲ್ ವೆಟ್ಟೋರಿ ನಾಯಕತ್ವದ ತಂಡ ಚೆನ್ನೈ ಎದುರಿನ ಫೈನಲ್‌ವರೆಗೆ ಹೋದದ್ದರಲ್ಲಿ ಅರವಿಂದ್ ಪಾಲು ಸಣ್ಣದಲ್ಲ. ಅಭಿಮನ್ಯು ಮಿಥುನ್, ಸ್ಪಿನ್ನರ್ ಕೆ.ಪಿ. ಅಪ್ಪಣ್ಣ, ಆಲ್‌ರೌಂಡರ್ ಬಿ. ಅಖಿಲ್ ಕೂಡ ಆ ಕಾಲದವರು.

ಯಜುವೇಂದ್ರ ಚಾಹಲ್ 2014ರಲ್ಲಿ ಬಂದಾಗ ಹೆಚ್ಚಿನವರಿಗೆ ಅವರ ಹೆಸರೂ ಗೊತ್ತಿರಲಿಲ್ಲ. ಸಣ್ಣ ಮೈದಾನದಲ್ಲಿ ಚೆಂಡನ್ನು ಗಾಳಿಗೆ ಬಿಟ್ಟು ಬ್ಯಾಟುಗಾರನಿಗೆ ಆಸೆ ತೋರಿಸುವ ಲೆಗ್‌ಸ್ಪಿನ್ನರ್ ಬದುಕುವುದೇ ಅಪರೂಪ. ಚಾಹಲ್ ಎಂಟು ಋತು ಬದುಕಿದರು. ಐಪಿಎಲ್‌ನಲ್ಲಿ ತಂಡದ ಪರ 139 ವಿಕೆಟ್ ಪಡೆದರು, 2015ರಲ್ಲಿ 23, 2016ರಲ್ಲಿ 21. ಇಂಥವರನ್ನು 2022ರ ಹರಾಜಿಗೆ ಮುನ್ನ ತಂಡ ಉಳಿಸಿಕೊಳ್ಳಲಿಲ್ಲ. ರಾಜಸ್ಥಾನಕ್ಕೆ ಹೋದ ವರ್ಷವೇ 27 ವಿಕೆಟ್ ಪಡೆದು, ಅತಿ ಹೆಚ್ಚು ವಿಕೆಟ್ ಪಡೆದವರಿಗೆ ಸಿಗುವ ಪರ್ಪಲ್ ಕ್ಯಾಪ್ ಗೆದ್ದರು. ಅವರ ಜಾಗಕ್ಕೆ 10.75 ಕೋಟಿ ರೂಪಾಯಿಗೆ ಬಂದ ಶ್ರೀಲಂಕಾದ ವನಿಂದು ಹಸರಂಗ 26 ಪಡೆದು ಬೆನ್ನಟ್ಟಿದರು ಎಂಬುದು ಸಮಾಧಾನದ ಮಾತು. ಆದರೂ ಚಾಹಲ್ ಅವರನ್ನು ಬಿಟ್ಟದ್ದು ತಂಡದ ಆಡಳಿತ ಮಾಡಿದ ಅತಿ ದೊಡ್ಡ ತಪ್ಪು.

ಮೊಹಮ್ಮದ್ ಸಿರಾಜ್ 2018ರಿಂದ 2024ರವರೆಗೆ ಆಡಿದರು. ಆರಂಭದಲ್ಲಿ ರನ್ ಸೋರಿಕೆಗೆ ಬೈಗುಳ ತಿಂದವರು 2020ರಲ್ಲಿ ಅಬುಧಾಬಿಯಲ್ಲಿ ಕೋಲ್ಕತ್ತಾ ವಿರುದ್ಧ ನಾಲ್ಕು ಓವರುಗಳಲ್ಲಿ ಎಂಟು ರನ್ ಕೊಟ್ಟು ಮೂರು ವಿಕೆಟ್ ಪಡೆದರು. ಅದರಲ್ಲಿ ಎರಡು ಮೇಡನ್, ಐಪಿಎಲ್ ಪಂದ್ಯವೊಂದರಲ್ಲಿ ಹಾಗೆ ಮಾಡಿದ ಮೊದಲಿಗ. ಹರ್ಷಲ್ ಪಟೇಲ್ 2021ರಲ್ಲಿ 32 ವಿಕೆಟ್ ಪಡೆದು ಒಂದು ಋತುವಿನ ದಾಖಲೆಯನ್ನು ಸರಿಗಟ್ಟಿದರು. ಮೊದಲ ಪಂದ್ಯದಲ್ಲಿ ಮುಂಬೈಯ ಐದು ವಿಕೆಟ್, ಮುಂದೆ ಅದೇ ಮುಂಬೈ ಮೇಲೆ ಹ್ಯಾಟ್ರಿಕ್. ಆ ವರ್ಷ 513 ರನ್ ಗಳಿಸಿದ ಗ್ಲೆನ್ ಮ್ಯಾಕ್ಸ್‌ವೆಲ್, 2022ರಿಂದ 2024ರವರೆಗೆ ನಾಯಕರಾಗಿದ್ದ ಫಾಫ್ ಡುಪ್ಲೆಸಿ ಇವರನ್ನೂ ಈ ಅವಧಿಯಲ್ಲಿ ಹೆಸರಿಸಬೇಕು. 2023ರಲ್ಲಿ ಡುಪ್ಲೆಸಿ 730 ರನ್ ಗಳಿಸಿದರೂ ತಂಡ ಪ್ಲೇಆಫ್ ತಲುಪಲಿಲ್ಲ.

ಮೊದಲ ಕಪ್ ತಂದ ಮಹಿಳೆಯರು

ಮಹಿಳಾ ಪ್ರೀಮಿಯರ್ ಲೀಗ್ 2023ರಲ್ಲಿ ಶುರುವಾಯಿತು. 3.4 ಕೋಟಿ ರೂಪಾಯಿಗೆ ಬಂದ ಸ್ಮೃತಿ ಮಂಧಾನ ನಾಯಕಿ. ಮೊದಲ ವರ್ಷ ಸೋಲಿನ ಸರಮಾಲೆ. ಎರಡನೆಯ ವರ್ಷ, 2024ರ ಮಾರ್ಚ್ 17ರಂದು, ದೆಹಲಿಯಲ್ಲಿ ದೆಹಲಿಯನ್ನೇ ಎಂಟು ವಿಕೆಟ್‌ಗಳಿಂದ ಸೋಲಿಸಿ ಕಪ್ ಎತ್ತಿದರು. ದೆಹಲಿ ವಿಕೆಟ್ ನಷ್ಟವಿಲ್ಲದೆ 64 ಗಳಿಸಿತ್ತು. ಆಸ್ಟ್ರೇಲಿಯದ ಸೋಫಿ ಮೊಲಿನ್ಯೂ ಒಂದೇ ಓವರಿನಲ್ಲಿ ಮೂರು ವಿಕೆಟ್ ಕಿತ್ತರು. ಅಲ್ಲಿಂದ 113ಕ್ಕೆ ಕುಸಿತ. ಕರ್ನಾಟಕದ ಆಫ್‌ಸ್ಪಿನ್ನರ್ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ ನಾಲ್ಕು ವಿಕೆಟ್ ಪಡೆದರು.

ಎಲಿಸ್ ಪೆರಿ 347 ರನ್ ಗಳಿಸಿ ಆರೆಂಜ್ ಕ್ಯಾಪ್ ಪಡೆದದ್ದು ನಿಜ. ಆದರೆ ಆ ಋತುವಿನಲ್ಲಿ ಅತಿ ಹೆಚ್ಚು ವಿಕೆಟ್ ಪಡೆದ ಮೂವರೂ ಇದೇ ತಂಡದವರು: ಶ್ರೇಯಾಂಕಾ 13, ಆಶಾ ಶೋಭನಾ 12, ಮೊಲಿನ್ಯೂ 12. ಲೆಗ್‌ಸ್ಪಿನ್ನರ್ ಆಶಾ ಶೋಭನಾ ಬೆಂಗಳೂರಿನಲ್ಲಿ ಯುಪಿ ವಾರಿಯರ್ಸ್ ವಿರುದ್ಧ 22 ರನ್ನಿಗೆ ಐದು ವಿಕೆಟ್ ಪಡೆದು, ಈ ಲೀಗಿನಲ್ಲಿ ಐದು ವಿಕೆಟ್ ಕಿತ್ತ ಮೊದಲ ಭಾರತೀಯ ಆಟಗಾರ್ತಿಯಾಗಿದ್ದರು. ಪುರುಷರ ತಂಡ 16 ಋತುಗಳಲ್ಲಿ ಕಲಿಯದ ಪಾಠವನ್ನು ಇವರು ಎರಡರಲ್ಲಿ ಕಲಿತರು.

2025

‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆ ಪ್ರತಿ ಬೇಸಿಗೆಯಲ್ಲೂ ಆಸೆಯಾಗಿ ಹುಟ್ಟಿ ಮೇ ಹೊತ್ತಿಗೆ ತಮಾಷೆಯಾಗುತ್ತಿತ್ತು. 2025ರ ಹರಾಜಿನಲ್ಲಿ ತಂಡ ಕಣ್ಣು ಕುಕ್ಕುವ ಹೆಸರುಗಳ ಹಿಂದೆ ಹೋಗಲಿಲ್ಲ. ಜೋಶ್ ಹೇಝಲ್‌ವುಡ್‌ಗೆ 12.5 ಕೋಟಿ, ಭುವನೇಶ್ವರ್ ಕುಮಾರ್‌ಗೆ 10.75 ಕೋಟಿ, ಕೃಣಾಲ್ ಪಾಂಡ್ಯಗೆ 5.75 ಕೋಟಿ. ಬೌಲಿಂಗಿಗೆ ಸುರಿದ ಹಣಕ್ಕೆ ಆ ವರ್ಷವೇ ಫಲ ಸಿಕ್ಕಿತು: ಹೇಝಲ್‌ವುಡ್ 22, ಭುವನೇಶ್ವರ್ 17, ಕೃಣಾಲ್ 17 ವಿಕೆಟ್. ಲೀಗ್ ಹಂತದಲ್ಲಿ ಹೊರಗಿನ ಮೈದಾನಗಳಲ್ಲಿ ಆಡಿದ ಏಳೂ ಪಂದ್ಯ ಗೆದ್ದರು, ಬೇರಾವ ತಂಡವೂ ಅದುವರೆಗೆ ಮಾಡದ ಸಾಧನೆ.

ನಾಯಕ ರಜತ್ ಪಾಟೀದಾರ್ ಅವರ ಕಥೆಯೂ ಗೇಲ್ ಕಥೆಯಂತೆ ಬದಲಿ ಆಟಗಾರನದೇ. 2022ರಲ್ಲಿ ಕರ್ನಾಟಕದ ಲವ್‌ನೀತ್ ಸಿಸೋಡಿಯಾ ಗಾಯಗೊಂಡಾಗ ಕರೆಸಿಕೊಂಡವರು ಆ ವರ್ಷದ ಎಲಿಮಿನೇಟರ್‌ನಲ್ಲಿ ಲಖನೌ ಎದುರು ಔಟಾಗದೆ 112 ಹೊಡೆದರು. ಮೂರು ವರ್ಷದ ನಂತರ ನಾಯಕ. ಕೊಹ್ಲಿ 657 ರನ್, ಫಿಲ್ ಸಾಲ್ಟ್ 403. ವಿಕೆಟ್ ಕೀಪರ್ ಜಿತೇಶ್ ಶರ್ಮಾ ಲಖನೌನಲ್ಲಿ 228ರ ಗುರಿ ಬೆನ್ನಟ್ಟುವಾಗ 33 ಎಸೆತಗಳಲ್ಲಿ ಔಟಾಗದೆ 85 ಹೊಡೆದು ತಂಡವನ್ನು ಮೊದಲೆರಡು ಸ್ಥಾನದೊಳಗೆ ತಂದರು. ಮೊದಲ ಕ್ವಾಲಿಫೈಯರ್‌ನಲ್ಲಿ ಹೇಝಲ್‌ವುಡ್ ಮತ್ತು ಸುಯಶ್ ಶರ್ಮಾ ತಲಾ ಮೂರು ವಿಕೆಟ್ ಪಡೆದು ಪಂಜಾಬನ್ನು 101ಕ್ಕೆ ಮುಗಿಸಿದರು.

ಜೂನ್ 3ರಂದು ಅಹಮದಾಬಾದಿನಲ್ಲಿ ಅದೇ ಪಂಜಾಬ್ ವಿರುದ್ಧ ಫೈನಲ್. ಬೆಂಗಳೂರಿನ ಮೊತ್ತ 190, ಆ ಪಿಚ್‌ಗೆ ಅದು ಸಾಲದು ಎಂದು ಬಹಳ ಜನ ಎಣಿಸಿದ್ದರು. ಕೃಣಾಲ್ ನಾಲ್ಕು ಓವರುಗಳಲ್ಲಿ 17 ರನ್ ಕೊಟ್ಟು ಎರಡು ವಿಕೆಟ್ ಪಡೆದು ಪಂದ್ಯದ ಕತ್ತು ಹಿಸುಕಿದರು. ಭುವನೇಶ್ವರ್ ಒಂದೇ ಓವರಿನಲ್ಲಿ ಇಬ್ಬರನ್ನು ಕಳಿಸಿದರು. ಶಶಾಂಕ್ ಸಿಂಗ್ ಹೋರಾಡಿದರೂ ಪಂಜಾಬ್ 184ಕ್ಕೆ ನಿಂತಿತು. ಅಂತರ ಆರು ರನ್, 2009ರಲ್ಲಿ ಸೋತಿದ್ದ ಅಂತರವೇ. ಪಂದ್ಯಶ್ರೇಷ್ಠ ಕೃಣಾಲ್. ಆ ರಾತ್ರಿ ಸಾರಕ್ಕಿ, ಬನಶಂಕರಿಯಿಂದ ಯಲಹಂಕದವರೆಗೆ ಊರಿಡೀ ಪಟಾಕಿ. ಮರುದಿನ ಚಿನ್ನಸ್ವಾಮಿಯ ಹೊರಗೆ ವಿಜಯೋತ್ಸವ ನೋಡಲು ಬಂದವರ ನಡುವೆ ಕಾಲ್ತುಳಿತವಾಗಿ 11 ಮಂದಿ ಸತ್ತರು. ತಂಡದ ಇತಿಹಾಸ ಬರೆಯುವ ಯಾರೂ ಕಪ್ಪಿನ ಸಾಲಿನ ಪಕ್ಕದಲ್ಲಿ ಈ ಸಾಲನ್ನು ಬಿಡುವಂತಿಲ್ಲ.

ಬಂದ ಕನ್ನಡಿಗರು, ಹೋದ ಕನ್ನಡಿಗರು

ಮೊದಲ ವರ್ಷಗಳಲ್ಲಿ ತಂಡದಲ್ಲಿ ಅಷ್ಟೊಂದು ಕನ್ನಡಿಗರು ಇದ್ದದ್ದು ಪ್ರೀತಿಯಿಂದ ಮಾತ್ರವಲ್ಲ, ನಿಯಮದಿಂದಲೂ. ಭಾರತ ತಂಡಕ್ಕೆ ಆಡದ ಆಟಗಾರರನ್ನು ಆಗ ಹರಾಜಿಲ್ಲದೆ ನೇರವಾಗಿ ಸೇರಿಸಿಕೊಳ್ಳಬಹುದಿತ್ತು. ಹತ್ತಿರದ ಹುಡುಗರನ್ನು ಹುಡುಕುವುದು ಸುಲಭ, ಅಗ್ಗ. ಮಯಾಂಕ್ ಅಗರ್‌ವಾಲ್, ಕರುಣ್ ನಾಯರ್, ಕೆ.ಎಲ್. ರಾಹುಲ್ ಮೂವರೂ ಐಪಿಎಲ್‌ಗೆ ಕಾಲಿಟ್ಟದ್ದು ಈ ತಂಡದಿಂದಲೇ. 2014ರಿಂದ ಅಂಥವರೂ ಹರಾಜಿಗೆ ಬಂದರು. ಯಾರು ಹೆಚ್ಚು ಕೂಗುತ್ತಾರೋ ಅವರಿಗೆ ಆಟಗಾರ. ಪ್ರಸಿದ್ಧ ಕೃಷ್ಣ, ಕೆ. ಗೌತಮ್, ಶ್ರೇಯಸ್ ಗೋಪಾಲ್ ಬೇರೆ ಬೇರೆ ಊರುಗಳ ಬಣ್ಣ ತೊಟ್ಟರು. 2019ರ ಏಪ್ರಿಲ್ 30ರಂದು ಮಳೆಯಿಂದ ಐದು ಓವರಿಗೆ ಇಳಿದ ಪಂದ್ಯದಲ್ಲಿ ರಾಜಸ್ಥಾನದ ಶ್ರೇಯಸ್ ಗೋಪಾಲ್ ಚಿನ್ನಸ್ವಾಮಿಯಲ್ಲೇ ಕೊಹ್ಲಿ, ಡಿವಿಲಿಯರ್ಸ್, ಸ್ಟಾಯ್ನಿಸ್ ಮೂವರನ್ನೂ ಸಾಲಾಗಿ ಔಟ್ ಮಾಡಿದಾಗ ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಪ್ರೇಕ್ಷಕರಿಗೆ ಗೊಂದಲವಾಗಿರಬೇಕು. ರಾಹುಲ್ 2025ರ ಏಪ್ರಿಲ್ 10ರಂದು ದೆಹಲಿ ಪರ ಔಟಾಗದೆ 93 ಹೊಡೆದು ಬೆಂಗಳೂರನ್ನು ಇಲ್ಲೇ ಸೋಲಿಸಿದರು. ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು ಇದು ತನ್ನ ಜಾಗ ಎಂದು ತೋರಿಸಿದರು. ‘ಕಾಂತಾರ’ ಸಿನಿಮಾದಿಂದ ಬಂದ ಭಂಗಿ ಅದು ಎಂದು ಆಮೇಲೆ ಅವರೇ ಹೇಳಿದರು.

ದೇವದತ್ತ ಪಡಿಕ್ಕಲ್ ಇದಕ್ಕೆ ಒಂದಿಷ್ಟು ಅಪವಾದ. 2020ರಲ್ಲಿ, ಆಡಿದ ಮೊದಲ ಋತುವಿನಲ್ಲೇ, 473 ರನ್, ಮರುವರ್ಷ ರಾಜಸ್ಥಾನ ವಿರುದ್ಧ ಔಟಾಗದೆ 101. ನಾಲ್ಕು ವರ್ಷದ ಬಳಿಕ 2025ರಲ್ಲಿ ಮರಳಿ ಬಂದು ಚೆನ್ನಾಗಿ ಆಡುತ್ತಿರುವಾಗ ತೊಡೆಯ ಗಾಯವಾಯಿತು. ಅವರ ಬದಲಿಗೆ ಮಯಾಂಕ್ ಅಗರ್‌ವಾಲ್ ಅವರನ್ನು ಕರೆಸಲಾಯಿತು. ಲಖನೌನಲ್ಲಿ ಜಿತೇಶ್ ಸಿಡಿಯುತ್ತಿದ್ದಾಗ ಇನ್ನೊಂದು ತುದಿಯಲ್ಲಿ ಔಟಾಗದೆ 41 ಗಳಿಸಿ ನಿಂತವರು ಮಯಾಂಕ್, ಫೈನಲ್‌ನಲ್ಲಿ ಅವರ ಗಳಿಕೆ 24. ಬೆಂಗಳೂರು ಕಪ್ ಗೆದ್ದ ಆ ಪಂದ್ಯದ ಹನ್ನೊಂದು ಮಂದಿಯಲ್ಲಿ ಕರ್ನಾಟಕದ ಆಟಗಾರ ಅವರೊಬ್ಬರೇ. 2023ರಲ್ಲಿ ಬೆಂಗಳೂರಿನ ಪರ ಮೊದಲ ಪಂದ್ಯದಲ್ಲೇ ದೆಹಲಿಯ ಮೂರು ವಿಕೆಟ್ ಕಿತ್ತಿದ್ದ ವೇಗಿ ವೈಶಾಖ್ ವಿಜಯಕುಮಾರ್ ಆ ಫೈನಲ್‌ನಲ್ಲಿ ಚೆಂಡು ಹಿಡಿದದ್ದು ಪಂಜಾಬ್ ಪರವಾಗಿ.